ಅರ್ಜಿಯಲ್ಲಿ ‘ಆಲ್‌ರೌಂಡರ್’ ಅಂತ ಬರೆದ ಅಪ್ಪಂದಿರಿಗೆ

ಅಮೆರಿಕದಲ್ಲಿ ಮಕ್ಕಳನ್ನು ಬೇಸ್‌ಬಾಲ್ ತಂಡಕ್ಕೆ ಸೇರಿಸುವಾಗ ಅರ್ಜಿಯಲ್ಲಿ ‘ಯಾವ ಪೊಸಿಷನ್?’ ಅಂತ ಕೇಳುತ್ತಾರೆ. ನಮ್ಮ ಕನ್ನಡದ ಅಪ್ಪ ಹಿಂದೆಮುಂದೆ ನೋಡದೆ ‘ಆಲ್‌ರೌಂಡರ್’ ಅಂತ ಬರೆಯುತ್ತಾನೆ. ಕೋಚ್ ನಕ್ಕು ಹುಡುಗನನ್ನು ರೈಟ್ ಫೀಲ್ಡಿಗೆ ಕಳಿಸುತ್ತಾನೆ. ಅವತ್ತು ಸಂಜೆ ಮನೆಯಲ್ಲಿ ಒಂದೇ ಮಾತು: ‘ಬಾಲೇ ಬರದ ಜಾಗದಲ್ಲಿ ನಿಲ್ಲಿಸಿದ್ದಾರೆ.’

ಈ ಮಾತು ಚುಚ್ಚುವುದಕ್ಕೆ ಕಾರಣ ನಾವೇ. ಕ್ಯಾಚ್ ಬಿಡುವವನನ್ನು ಫೈನ್ ಲೆಗ್ಗಿಗೆ ಅಟ್ಟಿ ಬೆಳೆದವರು ನಾವು. ನಮ್ಮ ಲೆಕ್ಕದಲ್ಲಿ ಆಟಗಾರ ಅಂದರೆ ಬ್ಯಾಟ್ಸ್‌ಮನ್ ಅಥವಾ ಬೌಲರ್. ಫೀಲ್ಡಿಂಗ್ ಅನ್ನುವುದು ಸರದಿ ಬರುವ ತನಕ ಬಿಸಿಲಲ್ಲಿ ನಿಂತಿರುವ ಕೆಲಸ. ಸ್ಲಿಪ್ ಹಿರಿಯರಿಗೆ, ಶಾರ್ಟ್ ಲೆಗ್ ತಂಡಕ್ಕೆ ಹೊಸದಾಗಿ ಬಂದ ಪಾಪದವನಿಗೆ. 2003ರ ವಿಶ್ವಕಪ್‌ನಲ್ಲಿ ನಮ್ಮ ದ್ರಾವಿಡ್ ವಿಕೆಟ್ ಕೀಪಿಂಗ್ ಮಾಡಿದ್ದು ಯಾಕೆ? ತಂಡದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್ನಿಗೆ ಜಾಗ ಆಗಲಿ ಅಂತ. ಗ್ಲೌಸ್ ಯಾರ ಕೈಗೆ ಅನ್ನುವುದನ್ನೂ ನಾವು ತೀರ್ಮಾನಿಸುವುದು ಬ್ಯಾಟಿಂಗ್ ಲೆಕ್ಕದಲ್ಲೇ.

ಬೇಸ್‌ಬಾಲ್‌ನಲ್ಲಿ ಇದು ತಿರುವುಮುರುವು. ಬ್ಯಾಟಿಂಗ್ ಸರದಿ ಹೇಗೂ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಹಾಗಾಗಿ ಆಟಗಾರನ ಗುರುತು ಅವನು ನಿಲ್ಲುವ ಜಾಗ. ಪ್ರತಿ ಜಾಗಕ್ಕೂ ಒಂದು ನಂಬರ್: ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) 1, ಕ್ಯಾಚರ್ (ಕೀಪರ್ ಇದ್ದ ಹಾಗೆ) 2, ಫಸ್ಟ್ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ನೆಲೆ, ಬಾಲ್ ಅವನಿಗಿಂತ ಮೊದಲು ತಲುಪಿದರೆ ಔಟ್) 3, ಸೆಕೆಂಡ್ 4, ಥರ್ಡ್ 5, ಸೆಕೆಂಡ್–ಥರ್ಡ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರ ಮೈದಾನದಲ್ಲಿ ಲೆಫ್ಟ್, ಸೆಂಟರ್, ರೈಟ್ ಫೀಲ್ಡ್ 7, 8, 9. ಆ ಜಾಗವನ್ನು ಕಂಡುಹಿಡಿಯುವುದಕ್ಕೆ ಒಂದು ಕ್ರಮ ಇದೆ, ನಮ್ಮವರು ಕಲಿಯಬೇಕಾದದ್ದು ಅದನ್ನೇ.

ಮೊದಲು ನೋಡುವುದು ಎಸೆಯುವ ಕೈ. ಇಲ್ಲೇ ನಮ್ಮವರು ಎಡವುತ್ತಾರೆ. ‘ಲೆಫ್ಟಿ’ ಅಂದರೆ ನಮಗೆ ಎಡಗೈ ಬ್ಯಾಟ್ಸ್‌ಮನ್. ಆದರೆ ಗಂಗೂಲಿ ಬ್ಯಾಟ್ ಮಾಡಿದ್ದು ಎಡಗೈಯಲ್ಲಿ, ಬೌಲ್ ಮಾಡಿದ್ದು ಬಲಗೈಯಲ್ಲಿ, ನೆನಪಿರಲಿ. ಫೀಲ್ಡಿಂಗ್‌ಗೆ ಬೇಕಾದದ್ದು ಎಸೆಯುವ ಕೈ ಯಾವುದು ಅನ್ನುವುದು ಮಾತ್ರ, ಗ್ಲವ್ ಇನ್ನೊಂದು ಕೈಗೆ. ಕ್ರಿಕೆಟ್ ಆಡಿ ಬಂದ ಹುಡುಗ ಗಟ್ಟಿ ಕೈಯಲ್ಲೇ ಹಿಡಿಯೋಣ ಅಂತ ಎಸೆಯುವ ಕೈಗೇ ಗ್ಲವ್ ಹಾಕಿಕೊಳ್ಳುತ್ತಾನೆ. ಹಿಡಿದ ಮೇಲೆ ಅದನ್ನು ಕಳಚಿ ಎಸೆಯುವಷ್ಟರಲ್ಲಿ ಓಟಗಾರ ಬೇಸ್ ಮುಟ್ಟಿರುತ್ತಾನೆ. ಎಡಗೈಯಲ್ಲಿ ಎಸೆಯುವವನಿಗೆ ಸೆಕೆಂಡ್, ಥರ್ಡ್, ಶಾರ್ಟ್‌ಸ್ಟಾಪ್ ಒಗ್ಗುವುದಿಲ್ಲ. ಫಸ್ಟ್ ಬೇಸಿಗೆ ಎಸೆಯಬೇಕಾದರೆ ಅವನು ಮೈಯನ್ನು ಪೂರ್ತಿ ತಿರುಗಿಸಬೇಕು, ಅಷ್ಟರಲ್ಲಿ ಅರ್ಧ ಹೆಜ್ಜೆ ಹೋಯಿತು. ಅದೇ ಹುಡುಗನಿಗೆ ಫಸ್ಟ್ ಬೇಸ್ ಹೇಳಿ ಮಾಡಿಸಿದ ಜಾಗ: ಗ್ಲವ್ ಇರುವ ಬಲಗೈ ಆಟದ ಕಡೆಗೇ ಇರುತ್ತದೆ, ಸೆಕೆಂಡ್ ಬೇಸಿಗೆ ಎಸೆಯುವಾಗ ತಿರುಗುವ ಗೊಡವೆಯೂ ಇಲ್ಲ.

ಆಮೇಲೆ ತೋಳು. 12 ವರ್ಷದೊಳಗಿನವರ ಮೈದಾನದಲ್ಲಿ ಒಂದು ಬೇಸಿನಿಂದ ಮುಂದಿನದಕ್ಕೆ 60 ಅಡಿ. ಅಂದಮೇಲೆ ಥರ್ಡಿನಿಂದ ಫಸ್ಟಿಗೆ ಕರ್ಣದುದ್ದಕ್ಕೆ ಸುಮಾರು 85 ಅಡಿ. ಕ್ಯಾಚರ್ ಸೆಕೆಂಡ್ ಬೇಸಿಗೆ ಎಸೆಯಬೇಕಾದ ದೂರವೂ ಅಷ್ಟೇ. ಹುಡುಗನನ್ನು ಥರ್ಡ್ ಬೇಸಿನಲ್ಲಿ ನಿಲ್ಲಿಸಿ ಹತ್ತು ಬಾಲ್ ಎಸೆಸಿ. ಬಾಲ್ ಮುಗಿಲಿಗೆ ಹೋಗಿ ಇಳಿಯುತ್ತದೋ, ನೇರ ಹೋಗುತ್ತದೋ ನೋಡಿ. ನೆಲಕ್ಕೆ ಒಮ್ಮೆ ಪುಟಿದು ನೆಟ್ಟಗೆ ಹೋದರೆ ತಪ್ಪಿಲ್ಲ, ಕಮಾನಿನ ಹಾಗೆ ಎತ್ತಿ ಎಸೆದರೆ ಅವನು ಸೆಕೆಂಡ್ ಬೇಸಿಗೆ ಹೋಗಲಿ, ಅಲ್ಲಿಂದ ಫಸ್ಟ್ ಹತ್ತಿರ. ಹತ್ತರಲ್ಲಿ ಕೊನೆಯ ಮೂರನ್ನು ಹುಷಾರಾಗಿ ನೋಡಿ. ಸುಸ್ತಾದ ತೋಳಿನ ಮೊಣಕೈ ಭುಜಕ್ಕಿಂತ ಕೆಳಗೆ ಇಳಿಯುತ್ತದೆ.

ಕಾಲಿನ ಪರೀಕ್ಷೆ ಇನ್ನೂ ಮುಖ್ಯ. ನೆಲದಲ್ಲಿ ಉರುಳುವ ಬಾಲ್ ಹತ್ತು ಎಡಕ್ಕೆ, ಹತ್ತು ಬಲಕ್ಕೆ, ಹತ್ತು ಎದುರಿಗೆ ಹೊಡೆಯಿರಿ. ಹಿಡಿದನೋ ಬಿಟ್ಟನೋ ಅಂತ ಎಣಿಸಬೇಡಿ, ಮೊದಲ ಹೆಜ್ಜೆ ಯಾವ ಕಡೆ ಬಿತ್ತು ಅಂತ ನೋಡಿ. ಬಾಲ್ ಬ್ಯಾಟಿಗೆ ತಗುಲುವಾಗಲೇ ಕಾಲು ಕಿತ್ತವನು ಶಾರ್ಟ್‌ಸ್ಟಾಪ್, ಕೈಯಿಂದ ನಾಲ್ಕು ಜಾರಿದರೂ ಪರವಾಗಿಲ್ಲ. ಕೈ ಕಲಿಸಬಹುದು, ಆ ಮೊದಲ ಹೆಜ್ಜೆ ಕಲಿಸುವುದು ಕಷ್ಟ. ನಮ್ಮ ಹುಡುಗರು ಇಲ್ಲಿ ಮಂಡಿ ಊರಿ ಬಾಲಿಗೆ ಅಡ್ಡ ಕೂರುತ್ತಾರೆ. ಬೌಂಡರಿ ತಡೆಯಲು ಅದು ಸರಿ. ಇನ್‌ಫೀಲ್ಡಿನಲ್ಲಿ, ಅಂದರೆ ಬೇಸುಗಳ ಸುತ್ತಿನ ಒಳ ಮೈದಾನದಲ್ಲಿ, ತಡೆದದ್ದು ಅರ್ಧ ಕೆಲಸ, ಎದ್ದು ಎಸೆಯುವಷ್ಟರಲ್ಲಿ ಬ್ಯಾಟರ್ ಫಸ್ಟ್ ಬೇಸಿನಲ್ಲಿ ಉಸಿರು ಬಿಡುತ್ತಿರುತ್ತಾನೆ.

ಔಟ್‌ಫೀಲ್ಡಿಗೆ ಕಣ್ಣು ಬೇಕು. ತಲೆ ಮೇಲೆ ಹೋಗುವ ಬಾಲಿಗೆ ಹುಡುಗ ಮೊದಲು ಮುಂದೆ ಬಂದನೋ, ಹಿಂದೆ ಹೋದನೋ? ಹೆಚ್ಚಿನವರು ಮುಂದೆ ಬಂದು ಆಮೇಲೆ ಹಿಂದಕ್ಕೆ ಎಡವುತ್ತಾರೆ. ಒಂದು ಕಾಲು ಹಿಂದಕ್ಕಿಟ್ಟು, ಸೊಂಟ ತಿರುಗಿಸಿ, ಬಾಲನ್ನು ನೋಡುತ್ತಲೇ ಓಡುವವನು ಸೆಂಟರ್ ಫೀಲ್ಡ್.

ಫಸ್ಟ್ ಬೇಸಿನ ಬಗ್ಗೆ ಒಂದು ಎಚ್ಚರಿಕೆ. ಉದ್ದಗಿದ್ದಾನೆ ಅಂತ ಯಾರನ್ನೋ ಅಲ್ಲಿ ನಿಲ್ಲಿಸುತ್ತಾರೆ. ಇನ್‌ಫೀಲ್ಡಿನ ಎಸೆತಗಳಲ್ಲಿ ಬಹುಪಾಲು ಬರುವುದು ಅವನ ಮುಖದ ಕಡೆಗೆ, ಅದೂ ಸಣ್ಣ ಮಕ್ಕಳು ಎಸೆದ ಅಡ್ಡಾದಿಡ್ಡಿ ಬಾಲ್. ಹಿಡಿಯಲು ಬಾರದವನನ್ನು ಬೇರೆಲ್ಲಿ ಬೇಕಾದರೂ ನಿಲ್ಲಿಸಿ, ಇಲ್ಲಿ ಬೇಡ. ಇನ್ನೊಂದು ತಪ್ಪು, ಬಾಲ್ ಎತ್ತ ಬರುತ್ತಿದೆ ಅಂತ ನೋಡುವ ಮೊದಲೇ ಕಾಲು ಚಾಚಿಬಿಡುವುದು. ಚಾಚಿದ ಮೇಲೆ ಪಕ್ಕಕ್ಕೆ ಸರಿಯಲು ಆಗುವುದಿಲ್ಲ.

ಕ್ಯಾಚರನನ್ನು ಆರಿಸುವಾಗ ಮೈಕಟ್ಟು ಮರೆತು ಸ್ವಭಾವ ನೋಡಬೇಕು. ಪ್ರತಿ ಎಸೆತವೂ ತನಗೇ ಬೇಕು ಅನ್ನುವ, ಸುಮ್ಮನೆ ನಿಲ್ಲಲಾರದ ಹುಡುಗ. ನೆಲಕ್ಕೆ ಬಡಿದು ಬರುವ ಬಾಲಿಗೆ ಎರಡೂ ಮಂಡಿ ಊರಿ, ಗ್ಲವ್ ಕಾಲಸಂದಿಗೆ ಇಟ್ಟು, ಗದ್ದ ಎದೆಗೆ ಒತ್ತಿ ಬಾಗಿ ಕೂರಬೇಕು. ಹಿಡಿಯುವುದಲ್ಲ, ಎದೆಗೆ ಬಡಿದು ಮುಂದೆಯೇ ಬೀಳುವಂತೆ ಮಾಡುವುದು. ಮುಖ ತಿರುಗಿಸುವವನನ್ನು ಒತ್ತಾಯ ಮಾಡಬೇಡಿ. ಟೆನಿಸ್ ಬಾಲಿನಲ್ಲಿ ಕೆಲವು ವಾರ ನೋಡಿ, ಆಗಲೂ ತಿರುಗಿಸಿದರೆ ಬೇರೆ ಜಾಗ. ಪಿಚರ್‌ನೂ ಇವನೇ, ಕ್ಯಾಚರ್‌ನೂ ಇವನೇ ಅಂತ ಒಬ್ಬನನ್ನೇ ದುಡಿಸುವುದೂ ನಡೆಯುವುದಿಲ್ಲ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ನಿಯಮದಲ್ಲಿ 9–10 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 75 ಪಿಚ್ (ಪಿಚರ್ ಎಸೆಯುವ ಎಸೆತ), 11–12ರವರಿಗೆ 85. 41 ಪಿಚ್ ಎಸೆದವನು ಆ ದಿನ ಕ್ಯಾಚರ್ ಆಗುವಂತಿಲ್ಲ. ನಾಲ್ಕು ಇನ್ನಿಂಗ್ಸ್ ಕ್ಯಾಚರ್ ಆದವನು ಪಿಚ್ ಮಾಡುವಂತಿಲ್ಲ. ಒಬ್ಬನ ಕೈಯಲ್ಲೇ ಒಂದು ತುದಿಯಿಂದ ಪೂರ್ತಿ ಬೌಲ್ ಮಾಡಿಸುವ ನಮ್ಮ ಅಭ್ಯಾಸಕ್ಕೆ ಇಷ್ಟಾದರೂ ಕಡಿವಾಣ ಬೇಕಿತ್ತು.

ಇನ್ನು ಮುನಿಸಿನ ಮೂಲವಾದ ರೈಟ್ ಫೀಲ್ಡ್. ಎಂಟು ವರ್ಷದವರಲ್ಲಿ ಅಲ್ಲಿಗೆ ಬಾಲ್ ಕಡಿಮೆ, ಒಪ್ಪಿದೆ. ಬಲಗೈ ಬ್ಯಾಟರುಗಳೇ ಹೆಚ್ಚು, ಅವರು ಜೋರಾಗಿ ಹೊಡೆದದ್ದು ಎಡಕ್ಕೆ ಹೋಗುತ್ತದೆ. ಆದರೆ ಪಿಚಿಂಗ್ ವೇಗ ಏರಿದಂತೆ ಬ್ಯಾಟ್ ತಡವಾಗಿ ಬೀಸಿ ಬಾಲ್ ಬಲಕ್ಕೆ ಬರತೊಡಗುತ್ತದೆ. ಇನ್‌ಫೀಲ್ಡಿನಿಂದ ಫಸ್ಟ್ ಬೇಸಿಗೆ ಎಸೆದಾಗಲೆಲ್ಲ ರೈಟ್ ಫೀಲ್ಡರ್ ಅದರ ಹಿಂದಕ್ಕೆ ಓಡಿಬರಬೇಕು. ಓಡದಿದ್ದರೆ ಒಂದು ತಪ್ಪು ಎಸೆತಕ್ಕೆ ಎರಡು ಬೇಸ್ ಧರ್ಮಾರ್ಥ. ಮೈದಾನ ಚಿಕ್ಕದಾದ್ದರಿಂದ ಮುಂದೆ ನಿಂತವನು ಹಿಟ್ ಆದ ಬಾಲನ್ನೇ ಹೆಕ್ಕಿ ಫಸ್ಟ್ ಬೇಸಿನಲ್ಲಿ ಔಟ್ ಮಾಡಿಬಿಡಬಹುದು. ದೊಡ್ಡವರ ಆಟದಲ್ಲಂತೂ ರೈಟ್ ಫೀಲ್ಡಿನಿಂದ ಥರ್ಡ್ ಬೇಸಿಗೆ ಎಸೆತ ಉದ್ದ, ಅದಕ್ಕೇ ಔಟ್‌ಫೀಲ್ಡಿನ ಗಟ್ಟಿ ತೋಳನ್ನು ಅಲ್ಲಿಡುತ್ತಾರೆ. ಮೇಜರ್ ಲೀಗ್ ಆಟಗಾರ ಮೂಕಿ ಬೆಟ್ಸ್ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಆರು ಸಲ ಗೆದ್ದದ್ದು ಅದೇ ಜಾಗದಲ್ಲಿ.

ಹಾಗಂತ ಇಲ್ಲಿಯವರದೆಲ್ಲ ಸರಿ ಅಂತಲ್ಲ. ಕೋಚಿನ ಮಗ ಶಾರ್ಟ್‌ಸ್ಟಾಪ್ ಆಗುವುದು ಇಲ್ಲೂ ಇದೆ. ಎಂಟನೇ ವಯಸ್ಸಿಗೇ ‘ಇವನು ಥರ್ಡ್ ಬೇಸ್’ ಅಂತ ಹಣೆಯಲ್ಲಿ ಬರೆಯುವ ಆತುರವೂ ಇದೆ. ಮುಂದೆ ಮೇಜರ್ ಲೀಗಿನಲ್ಲಿ ಕ್ಯಾಚರ್ ಆಗಿ ಹೆಸರಾದ ಬಸ್ಟರ್ ಪೋಸಿ ಕಾಲೇಜಿಗೆ ಬಂದಾಗ ಶಾರ್ಟ್‌ಸ್ಟಾಪ್, ಕ್ಯಾಚರ್ ಆದದ್ದು ಅಲ್ಲಿ. ಜೇಕಬ್ ಡಿಗ್ರಾಮ್ ಕೂಡ ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್, ಹೆಸರು ಮಾಡಿದ್ದು ಪಿಚರ್ ಆಗಿ. ಎಲ್ಲ ಕಡೆ ನಿಂತು ಬೆಳೆಯುವ ವಿಷಯದಲ್ಲಿ ನಮ್ಮ ಫೈನ್ ಲೆಗ್ ಪದ್ಧತಿಯೇ ಉದಾರ ಅನ್ನಬೇಕು, ಒಲ್ಲದ ಮನಸ್ಸಿನಿಂದಲೇ.

ಇನ್ನೊಂದೂ ಒಪ್ಪಬೇಕು. ಬ್ಯಾಟರ್ ಬಂಟ್ ಮಾಡಿ, ಅಂದರೆ ಬ್ಯಾಟ್ ಬೀಸದೆ ಸುಮ್ಮನೆ ತಗುಲಿಸಿ, ಬಾಲ್ ಥರ್ಡ್ ಬೇಸ್ ಗೆರೆಯುದ್ದಕ್ಕೂ ಮೆಲ್ಲಗೆ ಉರುಳುತ್ತಿದೆ ಅನ್ನಿ. ಗ್ಲವ್‌ನಲ್ಲಿ ಹಿಡಿದು ಕೈ ಬದಲಿಸಲು ಹೊತ್ತಿಲ್ಲ. ಎಡಗಾಲು ಬಾಲಿನ ಪಕ್ಕ ಊರಿ, ಬರಿಗೈಯಲ್ಲಿ ಬಾಚಿ, ಮುಂದಿನ ಹೆಜ್ಜೆಯಲ್ಲೇ ಮೈ ಎತ್ತದೆ ಪಕ್ಕದಿಂದ ಎಸೆಯಬೇಕು. ಇಲ್ಲಿನ ಮಕ್ಕಳಿಗೆ ಇದನ್ನು ಇಡೀ ಸೀಸನ್ ತಿದ್ದಬೇಕಾಗುತ್ತದೆ. ಕವರ್‌ನಿಂದ ಓಡಿಬಂದು ಒಂದೇ ಸ್ಟಂಪಿಗೆ ಎಸೆದು ಅಭ್ಯಾಸವಿರುವ ನಮ್ಮ ಹುಡುಗ ಯಾರೂ ಹೇಳಿಕೊಡದೆ ಮಾಡುತ್ತಾನೆ, ಎಡಗೈಯ ಗ್ಲವ್ ಸುಮ್ಮನೆ ನೇತಾಡುತ್ತಿರುತ್ತದೆ.