ಸೀಟಿನ ಲೆಕ್ಕ ಮಾತ್ರ ನೋಡ್ಬೇಡಿ

ಲಕ್ಷದ್ವೀಪಕ್ಕೆ ಸೀಪ್ಲೇನ್, ಅಂದ್ರೆ ನೀರಲ್ಲಿ ಇಳಿದು ಹತ್ತೋ ವಿಮಾನ, ಬಿಡೋದಾದ್ರೆ ಖರ್ಚು ಕಮ್ಮಿ ಅಂತ ಸೆಸ್ನಾ ಕ್ಯಾರವಾನ್ ಅನ್ನೋ ಸಣ್ಣ ವಿಮಾನನೇ ಸಾಕು ಅಂತ ಬರ್ದಿದೀರಲ್ಲ ಸರ್, ನಾನು ಒಪ್ಪಲ್ಲ. ಅದಕ್ಕಿರೋದು ಒಂದೇ ಎಂಜಿನ್, ಕೆಳಗೆ ಬರೀ ಸಮುದ್ರ, ಅಗತ್ತಿ ಬಿಟ್ರೆ ಬೇರೆ ದ್ವೀಪದಲ್ಲಿ ವಿಮಾನ ನಿಲ್ದಾಣನೇ ಇಲ್ಲ. ಇನ್ನೊಂದು ವಿಮಾನ ಟ್ವಿನ್ ಆಟರ್‌ಗೆ ಎರಡು ಎಂಜಿನ್ ಇದೆ, ಮಾಲ್ಡೀವ್ಸ್‌ನಲ್ಲಿ ಎಷ್ಟೋ ವರ್ಷದಿಂದ ಹವಳದ ದಂಡೆಯೊಳಗಿನ ಶಾಂತ ನೀರಲ್ಲಿ, ಅಂದ್ರೆ ಲಗೂನ್‌ನಲ್ಲಿ ಇಳಿದು ಹತ್ತಿ ಪಳಗಿರೋ ವಿಮಾನ ಅದು. ಆದ್ರೆ ನೀರಿಗೂ ರನ್‌ವೇಗೂ ಆಗೋ ಚಕ್ರದ ಫ್ಲೋಟ್ (ನೀರಲ್ಲಿ ತೇಲಿಸೋ ಕಾಲು) ಹಾಕಿದ್ರೆ ಭಾರ ಜಾಸ್ತಿ ಆಗತ್ತೆ, ಟ್ವಿನ್ ಆಟರ್ ಅಂದ್ರೆ 19 ಸೀಟು ಅನ್ನೋದನ್ನ ಮರೀಬೇಕು, ಜನ ತುಂಬಿಸಿದ್ರೆ ಸಾಮಾನಿಗೆ ಜಾಗ ಇರಲ್ಲ.

ನಮ್ಮ ಮಂಗಳೂರು ಹಳೇ ಬಂದರಿಂದ ಅಕ್ಕಿ, ತರಕಾರಿ, ಜಲ್ಲಿ ಎಲ್ಲಾ ಮಂಜಿಯಲ್ಲೇ (ಮರದ ಸರಕು ದೋಣಿ) ಲಕ್ಷದ್ವೀಪಕ್ಕೆ ಹೋಗೋದು, ಅಷ್ಟು ಭಾರ ಯಾವ ಸೀಪ್ಲೇನೂ ಹೊರಲ್ಲ, ಔಷಧಿ, ರಕ್ತ, ಟಪಾಲು ಹೊತ್ರೆ ಅದೇ ದೊಡ್ಡದು. ಉಪ್ಪುನೀರಿಗೆ ತುಕ್ಕು ಬೇರೆ, ದಿನಾ ಸಿಹಿನೀರಲ್ಲಿ ತೊಳೀಬೇಕು, ದ್ವೀಪದಲ್ಲಿ ಸಿಹಿನೀರಿಗೇ ಕಷ್ಟ. 2020ರ ಅಕ್ಟೋಬರ್‌ನಲ್ಲಿ ಸಾಬರಮತಿಯಿಂದ ಗುಜರಾತಿನದೇ ಕೇವಡಿಯಾಕ್ಕೆ ಶುರುವಾದ ಸೀಪ್ಲೇನ್ ಸರ್ವಿಸ್ ಮುಂದಿನ ಏಪ್ರಿಲ್‌ಗೇ ನಿಂತೋಯ್ತು, ರಿಪೇರಿಗೆ ವಿಮಾನ ಮಾಲ್ಡೀವ್ಸ್‌ಗೆ ಹೋಗ್ಬೇಕಿತ್ತು. ಅದಕ್ಕೇ ಹೇಳೋದು, ವಿಮಾನ ಆರಿಸೋಕೂ ಮುಂಚೆ ರಿಪೇರಿ ಎಲ್ಲಿ ಅಂತ ಗಟ್ಟಿ ಮಾಡ್ಕೊಳ್ಳಿ, ಕೊಚ್ಚಿ ಆದ್ರೂ ಸರಿ ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಆದ್ರೂ ಸರಿ.