ಶಿಬಿರದ ಹಿಂದಿನ ಸಾಲು

ನಮ್ಮ ಕಾಸರಗೋಡಿನ ಕಡೆಯ ಹಯರ್ ಸೆಕೆಂಡರಿ ಶಾಲೆಯೊಂದರ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸಪ್ತದಿನ ಶಿಬಿರಕ್ಕೆ ಹೋಗಿ ಬಂದಾಗಿನಿಂದ ಒಳಗೇ ಕುದಿಯುತ್ತಿರುವ ಸಿಟ್ಟನ್ನು ಇಲ್ಲಿ ಬರೆಯದೆ ನಿರ್ವಾಹವಿಲ್ಲ. ಶಾಲೆಯ ಹೆಸರು ಹೇಳುವುದಿಲ್ಲ, ಏಕೆಂದರೆ ಮಂಜೇಶ್ವರದ ಕಡೆಯಲ್ಲೂ ಬದಿಯಡ್ಕದ ಕಡೆಯಲ್ಲೂ ಇದನ್ನೇ ಕಂಡಿದ್ದೇನೆ. ಮೇಷ್ಟರಾಗಿದ್ದಾಗಲೂ ನಿವೃತ್ತನಾದ ಮೇಲೂ ಈ ಘಟಕಗಳ ಮಕ್ಕಳೊಂದಿಗೆ ನಾನು ಎಷ್ಟು ಓಡಾಡಿದ್ದೇನೆಂಬುದು ನಿಮಗೆಲ್ಲ ಗೊತ್ತಿರುವುದರಿಂದ, ಇದು ದೂರದಲ್ಲಿ ನಿಂತು ಆಡುವ ಮಾತಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆಯ ಕಾರ್ಯಕ್ರಮ ನಡೆಯುತ್ತಿತ್ತು. ಹಾಡು, ಕಿರುನಾಟಕ, ಆಟದ ಸೂಚನೆ, ಅತಿಥಿಗಳ ಭಾಷಣ, ಗೋಡೆಗೆ ಅಂಟಿಸಿದ ದಿನಚರಿ, ಎಲ್ಲವೂ ಮಲಯಾಳದಲ್ಲಿ. ಮುಂದಿನ ಸಾಲುಗಳ ಮಕ್ಕಳು ನಗುತ್ತ, ಚಪ್ಪಾಳೆ ತಟ್ಟುತ್ತ ಕುಳಿತಿದ್ದರೆ, ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಹನ್ನೊಂದನೆಯ ತರಗತಿಯಾದ ಪ್ಲಸ್ ವನ್‌ಗೆ ಬಂದು ಸೇರಿದ ಮಕ್ಕಳು ಗೋಡೆಗೆ ಒರಗಿ, ಎಲ್ಲರೂ ನಕ್ಕ ಮೇಲೆ ಅವರತ್ತ ನೋಡಿ ತಾವೂ ನಗುತ್ತಿದ್ದರು. ಆ ತಡವಾದ ನಗೆಯನ್ನು ನೋಡುತ್ತ ಕುಳಿತಿರುವುದು ನನ್ನಿಂದ ಸಾಧ್ಯವಾಗಲಿಲ್ಲ. ಎದ್ದು ಹೊರಗೆ ಬಂದೆ. ಯಾರೂ ಅವರನ್ನು ಹಿಂದೆ ಕೂರಿಸಿರಲಿಲ್ಲ ಎಂಬುದೂ ನಿಜವೇ. ಮುಂದೆ ಕುಳಿತುಕೊಳ್ಳಲು ಅವರಿಗೆ ಒಂದು ಕಾರಣವನ್ನೂ ಯಾರೂ ಕೊಟ್ಟಿರಲಿಲ್ಲ, ಅಷ್ಟೆ.

ಹಾಡು ಕುಣಿತ ಶಿಬಿರಕ್ಕೆ ಅಲಂಕಾರ, ಮುಖ್ಯವಾದದ್ದು ಸೇವೆ ತಾನೆ ಎಂದು ಅಲ್ಲಿದ್ದ ಒಬ್ಬ ಹಿರಿಯರು ನನಗೆ ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ಹದಿನಾರು ವಯಸ್ಸಿನ ಹುಡುಗನೊಬ್ಬ ಗುರುತಿಲ್ಲದವರ ಮನೆಯ ಮೆಟ್ಟಿಲು ಹತ್ತಿ, ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಳಿತುಕೊಳ್ಳುವ ಧೈರ್ಯ ತೋರುವುದು ಜೊತೆಯಲ್ಲಿ ಗಂಜಿ ಬೇಯಿಸಿದ, ಪಾತ್ರೆ ತೊಳೆದ, ರಾತ್ರಿ ಹರಟೆ ಹೊಡೆದ ಗೆಳೆಯರು ಪಕ್ಕದಲ್ಲಿ ಇರುವುದರಿಂದ. ಆ ಗೆಳೆತನದ ಹೊರಗೆ ಉಳಿದವನು ಎನ್ನೆಸ್ಸೆಸ್ಸಿನ ಎರಡು ವರ್ಷಗಳ ಇನ್ನೂರನಲವತ್ತು ಗಂಟೆಗಳ ಸೇವೆಯನ್ನು ಲೆಕ್ಕಕ್ಕೆ ಮುಗಿಸುತ್ತಾನೆಯೇ ಹೊರತು ಮರುವರ್ಷ ತಾನಾಗಿ ಬರುವುದಿಲ್ಲ. ಹೀಗೆ ಬಾರದೆ ಹೋದ ಒಳ್ಳೆಯ ಮಕ್ಕಳನ್ನು ನಾನು ಬಲ್ಲೆ. ರೋಟರಿಯವರು 1962ರಲ್ಲಿ ಆರಂಭಿಸಿದ ಇಂಟರ‍್ಯಾಕ್ಟ್ ಕ್ಲಬ್ಬುಗಳಲ್ಲಿ ಮಕ್ಕಳು ವರ್ಷಕ್ಕೆ ಕನಿಷ್ಠ ಎರಡು ಸೇವಾಕಾರ್ಯಗಳನ್ನು ಮಾಡಬೇಕು, ಅವುಗಳಲ್ಲಿ ಒಂದು ಬೇರೆ ದೇಶದ ಜನರನ್ನು ಅರಿತುಕೊಳ್ಳುವಂಥದ್ದಾಗಿರಬೇಕು. ನಮ್ಮಲ್ಲಿ ಒಂದೇ ಹಾಲಿನ ಮುಂದಿನ ಬೆಂಚು ಹಿಂದಿನ ಬೆಂಚನ್ನು ಅರಿತುಕೊಂಡರೆ ಸಾಕು ಎಂಬ ಸ್ಥಿತಿ ಇದೆ.

ಮರುದಿನದ ಮನೆಭೇಟಿಗೆ ನಾನೂ ಒಂದು ತಂಡದ ಜೊತೆ ಹೊರಟೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಗುಡ್ಡಗಳನ್ನು ನೀವು ಬಲ್ಲಿರಿ. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಸೀಮೆ ಇದು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಆದೇಶಿಸಬೇಕಾಯಿತು. ಇಲ್ಲಿನ ಮನೆಗಳ ಒಳಗೆ ತುಳು, ಹವ್ಯಕ ಕನ್ನಡ, ಮರಾಟಿ, ಕೊಂಕಣಿ. ತಂಡದ ನಾಯಕ ಮಲಯಾಳ ಮಾತಿನ ಕಾಞಂಗಾಡಿನ ಕಡೆಯ ಹುಡುಗ, ಬಹಳ ಸಭ್ಯ. ಒಂದು ಮನೆಯಲ್ಲಿ ಅಜ್ಜಿಯೊಬ್ಬರ ಮುಂದೆ ಮಲಯಾಳದ ನಮೂನೆಯನ್ನು ಹಿಡಿದು ಒಂದೊಂದೇ ಪ್ರಶ್ನೆ ಓದಿದ. ಔಷಧಿ ಸರಿಯಾಗಿ ಸಿಗುತ್ತದೆಯೇ? ಅಜ್ಜಿ ಹೂಂ ಎಂದರು. ನೀರಿಗೆ ತೊಂದರೆ ಇಲ್ಲವಲ್ಲ? ಅದಕ್ಕೂ ಹೂಂ. ನಮೂನೆ ತುಂಬಿತು, ಎಲ್ಲ ಸರಿಯಾಗಿದೆ ಎಂದು.

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕುಳಿತು, ‘ಅಜ್ಜೀ, ಒಣಸ್ ಆಂಡಾ?’ ಎಂದು, ಊಟವಾಯಿತೇ ಎಂದು ತುಳುವಿನಲ್ಲಿ ಕೇಳಿದಳು. ಅಲ್ಲಿಂದ ಮುಂದೆ ಅಜ್ಜಿಯ ಮಾತು ನಿಲ್ಲಲಿಲ್ಲ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಮಾರ್ಚಿಗೆ ನೂಲಿನಷ್ಟಾಗುತ್ತದೆ. ಬಿಪಿ ಗುಳಿಗೆ ತರಲು ಪೇಟೆಗೆ ಇಳಿಯುವವರು ಯಾರೂ ಇಲ್ಲದ್ದರಿಂದ, ಇರುವುದು ಮುಗಿದುಹೋಗಬಾರದೆಂದು ದಿನ ಬಿಟ್ಟು ದಿನ ನುಂಗುತ್ತಾರೆ. ಗುಳಿಗೆಯ ಪಟ್ಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದರು. ಹುಡುಗಿ ನಮೂನೆಯನ್ನು ಮಗುಚಿ ಹಾಕಿ, ಖಾಲಿ ಬೆನ್ನಿನ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡಳು. ತಂಡದ ನಾಯಕ ತಾನು ತುಂಬಿದ್ದನ್ನು ಹೊಡೆದುಹಾಕಿ, ಉಳಿದ ಮನೆಗಳಲ್ಲಿ ನೀನೇ ಮೊದಲು ಮಾತಾಡು ಎಂದು ಅವಳಿಗೆ ಹೇಳಿದ. ಆ ಹುಡುಗನ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. ಆದರೆ ಅವನಿಗೆ ಅರ್ಧ ಗಂಟೆಯಲ್ಲಿ ಹೊಳೆದದ್ದು ಶಿಬಿರವನ್ನು ಯೋಜಿಸಿದ ದೊಡ್ಡವರಿಗೆ ಇಷ್ಟು ವರ್ಷಗಳಲ್ಲಿ ಏಕೆ ಹೊಳೆಯಲಿಲ್ಲ? ಹಾಸಿಗೆ ಹಿಡಿದವರನ್ನು ಮನೆಗೆ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ ತಲುಪಬೇಕಾಗಿದ್ದ ಮಾತು ಹೂಂಕಾರದಲ್ಲಿ ಮುಗಿದುಹೋದ ಮನೆಗಳು ಇನ್ನೆಷ್ಟಿವೆಯೋ!

ಕೇರಳದಲ್ಲಿ ಇರುವ ಮಕ್ಕಳು ಮಲಯಾಳ ಕಲಿಯಲಿ, ಅದರಲ್ಲೇನು ತಪ್ಪು ಎಂದು ಕೇಳುವವರಿದ್ದಾರೆ, ನಮ್ಮವರಲ್ಲೇ ಇದ್ದಾರೆ. ಕಲಿಯಲಿ, ಕಲಿಯುತ್ತಲೂ ಇದ್ದಾರೆ, ನಾನೂ ಕಲಿತಿದ್ದೇನೆ ಮತ್ತು ಆ ಭಾಷೆಯಲ್ಲಿ ನನಗೆ ಆಪ್ತ ಗೆಳೆಯರಿದ್ದಾರೆ. ಆದರೆ ಶಿಬಿರ ಭಾಷೆಯ ಪರೀಕ್ಷೆಯಲ್ಲ, ಮತ್ತು ಆ ಅಜ್ಜಿ ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೂ ಕೂರಬೇಕಾಗಿಲ್ಲ. ಎನ್ನೆಸ್ಸೆಸ್ ಹುಟ್ಟಿದ್ದು 1969ರ ಸೆಪ್ಟೆಂಬರ್ 24ರಂದು. ಅದೇ 1969ರ ಕೇರಳ ರಾಜಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ಊರಿನಲ್ಲಿ ಮಕ್ಕಳ ಶಿಬಿರದ ನಮೂನೆ ಕನ್ನಡದಲ್ಲಿ ಸಿಗುವುದಿಲ್ಲವೆಂದರೆ, ಅದು ಕಾನೂನಿನ ಕೊರತೆಯಲ್ಲ, ನಮ್ಮ ಅಸಡ್ಡೆ. ನಮ್ಮ ತಂದೆತಾಯಂದಿರೂ ಗ್ರೇಸ್ ಮಾರ್ಕ್ ಬಂತೇ ಎಂದು ಕೇಳುತ್ತಾರೆಯೇ ಹೊರತು, ಶಿಬಿರದಲ್ಲಿ ಯಾರ ಪಕ್ಕ ಕುಳಿತೆ, ಏನು ಹಾಡಿದೆ ಎಂದು ಕೇಳುವುದಿಲ್ಲ. ಅದೂ ನನಗೆ ಅಷ್ಟೇ ನೋವಿನ ಸಂಗತಿ.

ಎಂಟು, ಒಂಬತ್ತನೆಯ ತರಗತಿಯ ಸ್ಟೂಡೆಂಟ್ ಪೊಲೀಸ್, ಜೂನಿಯರ್ ರೆಡ್ ಕ್ರಾಸ್, ಸ್ಕೌಟ್ಸ್ ಗೈಡ್ಸ್ ಘಟಕಗಳಿಗೂ ಈ ಮಾತು ಸಲ್ಲುತ್ತದೆ. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮನೆಭೇಟಿಯ ತಂಡಗಳನ್ನು ಹಾಜರಿ ಪಟ್ಟಿಯ ಕ್ರಮದಲ್ಲಿ ಮಾಡದೆ, ಹೋಗುವ ಮನೆಯ ಮಾತು ಬಲ್ಲ ಮಗುವೊಂದು ಪ್ರತಿ ತಂಡದಲ್ಲೂ ಇರುವಂತೆ ಮಾಡಬೇಕು. ಒಂದು ಸಂಜೆಯನ್ನಾದರೂ ಹಿಂದಿನ ಸಾಲಿನ ಮಕ್ಕಳ ಕೈಗೆ ಒಪ್ಪಿಸಬೇಕು. ಅವರಲ್ಲಿ ಯಕ್ಷಗಾನದ ಪದ ಹೇಳುವವರಿದ್ದಾರೆ, ತುಳುವಿನ ಜನಪದ ಹಾಡಾದ ಪಾಡ್ದನ ಬಲ್ಲ ಅಜ್ಜಿಯರ ಮೊಮ್ಮಕ್ಕಳಿದ್ದಾರೆ, ಮಲಯಾಳಿ ಮಕ್ಕಳು ಅದನ್ನು ಸಂತೋಷದಿಂದ ಕೇಳಿ ಜೊತೆಗೆ ಹಾಡಿದ್ದನ್ನು ನಾನೇ ಹಿಂದೆ ನೋಡಿದ್ದೇನೆ. ಮನೆಭೇಟಿಯ ನಮೂನೆಯನ್ನು ಕನ್ನಡಕ್ಕೆ ಮಾಡುವ ಕೆಲಸವನ್ನು ನಾನು ಈಗಾಗಲೇ ಹಿಡಿದಿದ್ದೇನೆ. ಕ್ರಿಸ್‌ಮಸ್ ರಜೆಯ ಶಿಬಿರಗಳಿಗೆ ಮುಂಚೆ ಅದನ್ನು ಯಾವ ಶಾಲೆಗೆ ಬೇಕಾದರೂ ಕಳುಹಿಸಿಕೊಡುತ್ತೇನೆ. ಪ್ರಶ್ನೆಗಳನ್ನು ತುಳು ಮತ್ತು ಮರಾಟಿಯಲ್ಲಿ ಆಡುಮಾತಿಗೆ ಹೊಂದುವಂತೆ ಹೇಳಿಕೊಡಬಲ್ಲವರು ದಯವಿಟ್ಟು ನನಗೆ ತಿಳಿಸಿ.