ಕೊಟ್ಟ ವಿಳಾಸವನ್ನು ತಿದ್ದುವ ಹಕ್ಕು ಯಾರಿಗಿದೆ?

2023ರ ಜುಲೈ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಆಫೀಸಿನಿಂದ ಫೋನ್ ಬಂತು. ಐರೋಲಿಯಲ್ಲಿರುವ ನಮ್ಮ ಡೇಟಾ ಸೆಂಟರಿನಲ್ಲಿ ಒಂದು ಸ್ಟೋರೇಜ್ ಸರ್ವರ್ ಕೈಕೊಟ್ಟಿತ್ತು. ಅಷ್ಟಕ್ಕೇ ಗಾಬರಿಯಾಗುವ ಕೆಲಸ ನಮ್ಮದಲ್ಲ. ಸರ್ವರ್ ಎಂದಾದರೊಮ್ಮೆ ಕೆಡುತ್ತದೆ ಎಂದು ಗೊತ್ತಿದ್ದೇ ಬದಲಿ ಸರ್ವರ್ ಸಿದ್ಧ ಇಟ್ಟಿರುತ್ತೇವೆ. ಆ ಸರ್ವರ್ ಬಳಸುವ ಎಲ್ಲ ಮೆಷಿನ್‌ಗಳಿಗೂ ಒಂದು ವರ್ಚುವಲ್ ಐಪಿ, ಅಂದರೆ ಯಾವ ಒಂದು ಸರ್ವರಿಗೂ ಅಂಟದ ನೆಟ್‌ವರ್ಕ್ ವಿಳಾಸ, ಮಾತ್ರ ಕೊಟ್ಟಿರುತ್ತೇವೆ. ಅದರ ಹಿಂದೆ ಇವತ್ತು ಯಾವ ಸರ್ವರ್ ಇದೆ, ನಾಳೆ ಯಾವುದಿರುತ್ತದೆ ಎಂಬುದು ಬಂದ ಕರೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ಗೆ ಬಿಟ್ಟ ವಿಚಾರ. ಹಳೆಯದು ಬಿದ್ದರೆ ಹೊಸದು ಎದ್ದು ಅದೇ ಐಪಿಗೆ ಉತ್ತರ ಕೊಡುತ್ತದೆ, ಬಳಸುವವರಿಗೆ ಸುದ್ದಿಯೂ ತಿಳಿಯುವುದಿಲ್ಲ.

ಅವತ್ತು ಹಾಗಾಗಲಿಲ್ಲ. ಬದಲಿ ಸರ್ವರ್ ಎರಡೇ ನಿಮಿಷದಲ್ಲಿ ಎದ್ದು ನಿಂತಿತು. ಆದರೆ ಹದಿನೇಳು ಮೆಷಿನ್‌ಗಳಲ್ಲಿ ಎನ್‌ಎಫ್‌ಎಸ್ ಮೌಂಟ್‌ಗಳು, ಅಂದರೆ ದೂರದ ಸರ್ವರಿನ ಫೈಲುಗಳನ್ನು ತನ್ನದೇ ಫೋಲ್ಡರಿನಂತೆ ತೋರಿಸುವ ಜೋಡಣೆಗಳು, ಹಾಗೇ ಸ್ತಬ್ಧ. ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಎಂಬ ಅರ್ಥದ, ಕರ್ನೆಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಂದೇಶ ಸ್ಕ್ರೀನ್ ಮೇಲೆ ಬಂದು ಕೂತಿತ್ತು. ಆ ಮೌಂಟನ್ನು ಮುಟ್ಟಿದ ಪ್ರೋಗ್ರಾಮ್‌ಗಳೆಲ್ಲ ಡಿ ಸ್ಥಿತಿಯಲ್ಲಿ, ಅಂದರೆ ಉತ್ತರ ಬರುವವರೆಗೆ ಅಲುಗಾಡದ ನಿದ್ದೆಯಲ್ಲಿ, ಸಿಕ್ಕಿಬಿದ್ದಿದ್ದವು. ಸಾಮಾನ್ಯ ಕಿಲ್‌ಗೆ ಹೋಗುತ್ತಿರಲಿಲ್ಲ.

ನಮ್ಮ ಟೀಮಿನಲ್ಲಿ ವಿಜಯಪುರದ ಹುಡುಗನೊಬ್ಬನಿದ್ದಾನೆ. ಅವನೇ ಮೊದಲು ಕಂಡುಹಿಡಿದದ್ದು. "ಸರ, ಮೌಂಟ್‌ನ್ಯಾಗ ವರ್ಚುವಲ್ ಐಪಿನೇ ಐತ್ರಿ. ಆದ್ರ ಕನೆಕ್ಷನ್ ಮಾತ್ರ ಸತ್ತ ಸರ್ವರ್‌ಗೇ ಹೊಂಟೈತಿ. ಆ ನಂಬರ್ ನಾವು ಎಲ್ಲೂ ಬರದಿಲ್ಲಲ್ರಿ, ಇದಕ್ಕ ಯಾರ್ ಕೊಟ್ರು?" ಎಂದ.

ನಾನೂ ನೋಡಿದೆ. ಮೌಂಟ್ ಪಟ್ಟಿಯಲ್ಲಿ ನಾವು ಕೊಟ್ಟ ವಿಳಾಸವೇ ಇತ್ತು. ಕನೆಕ್ಷನ್‌ಗಳನ್ನು ತೋರಿಸುವ ಎಸ್‌ಎಸ್ ಕಮಾಂಡ್ ಹಾಕಿದರೆ, ಮೆಷಿನ್ ಇಲ್ಲವಾಗಿದ್ದ ಸರ್ವರಿನ ಐಪಿಗೆ ಸಿನ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಕಳಿಸುತ್ತಾ, ಉತ್ತರಕ್ಕೆ ಕಾಯುತ್ತಾ, ಮತ್ತೆ ಕಳಿಸುತ್ತಾ ಇತ್ತು. ಮನೆ ಬದಲಾಯಿಸಿದವರ ಹಳೆ ಬಾಗಿಲನ್ನು ರಾತ್ರಿಯಿಡೀ ತಟ್ಟುತ್ತಾ ನಿಂತ ಹಾಗೆ. ಬೆಳಗಿನ ನಾಲ್ಕರ ಹೊತ್ತಿಗೆ ಬೇರೆ ದಾರಿ ಕಾಣದೆ ಹದಿನೇಳನ್ನೂ ರೀಬೂಟ್ ಮಾಡಿದೆವು. ಆಗ ಸರಿಹೋಯಿತು. ಯಾಕೆ ಸರಿಹೋಯಿತು ಎಂದು ಅವತ್ತು ನಮಗೆ ಗೊತ್ತಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಕಾರಣ ಆಮೇಲೆ ತಿಳಿಯಿತು. ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನೊಳಗೆ ಒಂದು ಕೆಲಸಕ್ಕೆಂದು ಕರೆಯುವ ತುಣುಕು, ತನಗೆ ಕೊಟ್ಟ ಆರ್ಗ್ಯುಮೆಂಟನ್ನು (ಆ ಕೆಲಸಕ್ಕೆ ಬೇಕಾದ ಮಾಹಿತಿಯನ್ನು) ತಿದ್ದಿಬಿಟ್ಟಿತ್ತು. ಅಷ್ಟೇ.

ಸಾಮಾನ್ಯ ಪ್ರೋಗ್ರಾಮ್ ಒಂದು, ಇನ್ನೊಂದು ಮೆಷಿನ್ ಜೊತೆ ಸಂಪರ್ಕ ಬೇಕೆಂದು ಕನೆಕ್ಟ್ ಎಂಬ ಫಂಕ್ಷನನ್ನು ಕರೆದಾಗ, ಅದು ಕೊಟ್ಟ ವಿಳಾಸವನ್ನು ಕರ್ನೆಲ್ ಮೊದಲು ತನ್ನ ಮೆಮೊರಿಗೆ ನಕಲು ಮಾಡಿಕೊಳ್ಳುತ್ತದೆ. ಮುಂದಿನ ಎಲ್ಲ ಕೆಲಸವೂ ಆ ನಕಲಿನ ಮೇಲೆ. 2018ರಲ್ಲಿ ಲಿನಕ್ಸ್ 4.17ರ ಜೊತೆ ಬಿಪಿಎಫ್‌ನ (ಕರ್ನೆಲ್ ಒಳಗೆ ನಮ್ಮ ಚಿಕ್ಕ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಒಂದು ಹೊಸ ಸೌಲಭ್ಯ ಬಂತು. ಕನೆಕ್ಟ್ ನಡೆಯುವ ಹೊತ್ತಿಗೆ ನಮ್ಮದೇ ಒಂದು ಚಿಕ್ಕ ಪ್ರೋಗ್ರಾಮ್ ನಡುವೆ ಬಂದು, ಹೋಗಬೇಕಾದ ವಿಳಾಸವನ್ನೇ ಬದಲಾಯಿಸಬಹುದು. ಲೋಡ್ ಬ್ಯಾಲೆನ್ಸರ್‌ಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಪ್ರತಿ ಪ್ಯಾಕೆಟ್ಟಿನ ವಿಳಾಸ ತಿದ್ದುವ ಬದಲು ಕನೆಕ್ಷನ್ ಆಗುವಾಗ ಒಂದೇ ಸಲ ತಿದ್ದಿದರೆ ಮುಗಿಯಿತು. ಬಳಕೆದಾರನ ಪ್ರೋಗ್ರಾಮಿಗೆ ಇದರಿಂದ ಏನೂ ಬಾಧೆಯಿಲ್ಲ, ಯಾಕೆಂದರೆ ತಿದ್ದಿದ್ದು ನಕಲನ್ನು.

ಆದರೆ ಎನ್‌ಎಫ್‌ಎಸ್ ಕ್ಲೈಂಟ್ (ಎನ್‌ಎಫ್‌ಎಸ್‌ನ ನಮ್ಮ ಮೆಷಿನ್ ಕಡೆಯ ಭಾಗ) ಇರುವುದೇ ಕರ್ನೆಲ್ ಒಳಗೆ. ಅದು ಕರ್ನೆಲ್ ಕನೆಕ್ಟ್ ಎಂಬ ಒಳಬಾಗಿಲಿನಿಂದ ಬರುತ್ತದೆ. ಅಲ್ಲಿ ನಕಲು ಮಾಡುವ ಕ್ರಮ ಇರಲಿಲ್ಲ, ಪಾಯಿಂಟರನ್ನು (ಅಸಲು ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಎಂಬ ಗುರುತನ್ನು) ಹಾಗೇ ಕೆಳಗೆ ದಾಟಿಸುತ್ತಿದ್ದರು. ಬಿಪಿಎಫ್ ಪ್ರೋಗ್ರಾಮ್ ತಿದ್ದಿದ್ದು ಎನ್‌ಎಫ್‌ಎಸ್‌ ಕೈಯಲ್ಲಿದ್ದ ಅಸಲು ವಿಳಾಸವನ್ನೇ. ಮೊದಲ ಕನೆಕ್ಷನ್ ಚೆನ್ನಾಗಿಯೇ ಆಯಿತು, ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಆ ಸರ್ವರ್ ಸತ್ತ ದಿನ ಮತ್ತೆ ಕನೆಕ್ಟ್ ಆಗಲು ಹೊರಟರೆ ವರ್ಚುವಲ್ ಐಪಿ ಕೈಯಲ್ಲಿ ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಸತ್ತವನ ವಿಳಾಸ. ಮೌಂಟ್ ಪಟ್ಟಿಯಲ್ಲಿ ಕಾಣುತ್ತಿದ್ದದ್ದು ಮೊದಲೇ ಅಕ್ಷರರೂಪದಲ್ಲಿ ಬರೆದಿಟ್ಟುಕೊಂಡ ಬೇರೆ ಪ್ರತಿ. ಹಾಗಾಗಿ ಬೋರ್ಡು ಸರಿಯಾಗಿತ್ತು, ಒಳಗಿನ ವಿಳಾಸ ಹೋಗಿತ್ತು.

ಈ ಎಡವಟ್ಟಿಗೆ ಯಾರನ್ನು ಬೈಯುವುದು? ಕರ್ನೆಲ್ ಕನೆಕ್ಟ್ ಬರೆದ ಕಾಲದಲ್ಲಿ ಕೆಳಗೆ ಯಾರೂ ವಿಳಾಸ ಮುಟ್ಟುತ್ತಿರಲಿಲ್ಲ, ಅವರು ನಕಲು ಮಾಡದೇ ಇದ್ದದ್ದು ಸಹಜ. ನಡುವೆ ಬರಲು ಬಿಡುವ ಆ ಬಿಪಿಎಫ್ ಕೊಂಡಿ, ಅಂದರೆ ಹುಕ್, ಬರೆದವರ ಕಣ್ಣ ಮುಂದಿದ್ದದ್ದು ಹೊರಗಿನ ಪ್ರೋಗ್ರಾಮ್‌ಗಳು, ಅಲ್ಲಿ ನಕಲು ಆಗಿಯೇ ಇರುತ್ತದೆ. ಇಬ್ಬರ ಕೋಡನ್ನೂ ಬೇರೆ ಬೇರೆ ಓದಿದರೆ ತಪ್ಪು ಸಿಗುವುದಿಲ್ಲ. ತಪ್ಪು ಇದ್ದದ್ದು ಇಬ್ಬರ ನಡುವೆ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದದಲ್ಲಿ: ಕೊಟ್ಟ ವಸ್ತು ಯಾರದು?

ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಹೇಳುತ್ತೇನೆ. ತಿದ್ದುತ್ತೇನೆ ಎಂದು ಮೊದಲೇ ಹೇಳದ ಫಂಕ್ಷನ್‌ಗೆ ತಿದ್ದುವ ಹಕ್ಕಿಲ್ಲ. ತಿದ್ದದೆ ಕೆಲಸ ಆಗುವುದಿಲ್ಲ ಎಂದಾದರೆ ಅದು ತನ್ನ ಖರ್ಚಿನಲ್ಲಿ ನಕಲು ಮಾಡಿಕೊಳ್ಳಬೇಕು. ಕರೆದವನು ಹೆದರಿ ಹೆದರಿ ತನ್ನ ವಿಳಾಸದ ಎರಡೆರಡು ಪ್ರತಿ ಇಟ್ಟುಕೊಳ್ಳುವ ಪರಿಸ್ಥಿತಿ ಬರಬಾರದು.

ಇದನ್ನು ನಾನು ಕಲಿತದ್ದು ಕಂಪ್ಯೂಟರ್ ಮುಂದೆ ಕೂತಲ್ಲ. ಊರಿಂದ ಬಂದ ಹೊಸತರಲ್ಲಿ ಮುಂಬೈಯ ಫೋರ್ಟ್‌ನಲ್ಲಿ ಸೋದರಮಾವನ ಹೋಟೆಲಿನಲ್ಲಿ ಹಗಲು ಕೆಲಸ, ಸಂಜೆ ಕಾಲೇಜು. ಆರ್ಡರ್ ಬರೆಯುವ ಪುಸ್ತಕದಲ್ಲಿ ಎರಡು ಹಾಳೆಯ ನಡುವೆ ಕಾರ್ಬನ್ ಇರುತ್ತಿತ್ತು. ಮೇಲಿನ ಹಾಳೆ ಹರಿದು ಅಡುಗೆಮನೆಗೆ, ಕೆಳಗಿನದ್ದು ಪುಸ್ತಕದಲ್ಲೇ, ಬಿಲ್ಲಿಗೆ. ಭಟ್ರು ತಮ್ಮ ಹಾಳೆಯ ಮೇಲೆ ಏನು ಬೇಕಾದರೂ ಗೀಚಿಕೊಳ್ಳಬಹುದು. ಎರಡು ಸೆಟ್ ಹೋಯಿತು ಎಂದು ಅಡ್ಡಗೆರೆ, ತಡ ಎಂದು ಒಂದು ಸುತ್ತು, ಚಟ್ನಿಯ ಕೈಗುರುತು. ಒಂದು ಮಧ್ಯಾಹ್ನ ರಶ್ಶಿನಲ್ಲಿ ಕಾರ್ಬನ್ ಹಾಕದೆ ಇದ್ದೊಂದೇ ಹಾಳೆಯನ್ನು ನಾನು ಒಳಗೆ ಕೊಟ್ಟೆ. ವಡೆ ಮುಗಿದಿತ್ತು. ಭಟ್ರು ಅದನ್ನು ಹೊಡೆದು ಇಡ್ಲಿ ಎಂದು ಬರೆದು, ಅದೇ ಹಾಳೆ ಗಲ್ಲಾಕ್ಕೆ ಬಂತು. ಗಿರಾಕಿ ಕೇಳಿದ್ದು ಏನು, ತಿಂದದ್ದು ಏನು, ಯಾರಿಗೂ ಖಾತ್ರಿಯಿಲ್ಲ. ಮಾವ ಭಟ್ರನ್ನು ಬೈಯಲಿಲ್ಲ. "ಮಾರಾಯಾ, ಒಳಗೆ ಕೊಟ್ಟ ಚೀಟಿ ಅವರದ್ದು. ನಿನ್ನದು ನಿನ್ನ ಹತ್ತಿರ ಬೇಕಲ್ಲ?" ಎಂದರು. ಮರುದಿನದಿಂದ ಪ್ರತಿ ಹಾಳೆಗೂ ಕಾರ್ಬನ್ ಮೊದಲೇ ಸೇರಿಸಿಟ್ಟ ಪುಸ್ತಕ ತರಿಸಿದರು. ನಕಲು ಮಾಡುವುದನ್ನು ಹುಡುಗರ ನೆನಪಿಗೆ ಬಿಡಲಿಲ್ಲ, ಪುಸ್ತಕಕ್ಕೇ ವಹಿಸಿದರು. ನಾನು ಹೇಳಬೇಕೆಂದಿರುವುದೂ ಅಷ್ಟೇ: ಎಚ್ಚರಿಕೆಯನ್ನು ಕರೆಯುವವನ ತಲೆಗೆ ಕಟ್ಟಬೇಡಿ, ಬಾಗಿಲಲ್ಲೇ ನಕಲು ಆಗಲಿ.

ಕರ್ನೆಲ್‌ನಲ್ಲೂ ಕೊನೆಗೆ ಮಾಡಿದ್ದು ಇದನ್ನೇ. 2023ರಲ್ಲಿ ಬಂದ ತಿದ್ದುಪಡಿ ಲಿನಕ್ಸ್ 6.6ರಲ್ಲಿ ಸೇರಿತು. ಕರ್ನೆಲ್ ಕನೆಕ್ಟ್ ಒಳಗೆ ಒಂದು ಲೋಕಲ್ ವೇರಿಯಬಲ್ (ಆ ಫಂಕ್ಷನ್‌ನದ್ದೇ ಆದ ಜಾಗ), ಒಂದು ಮೆಮ್‌ಕಾಪಿ (ಅಲ್ಲಿಗೆ ನಕಲು), ಕೆಳಗೆ ಹೋಗುವುದು ಆ ನಕಲಿನ ಪಾಯಿಂಟರ್. ತನ್ನ ಕಡೆಯ ವಿಳಾಸ ಗೊತ್ತುಮಾಡುವ ಬೈಂಡ್‌ಗೂ ಅದೇ ಮದ್ದು. ಸಂದೇಶ ಕಳಿಸುವ ಸೆಂಡ್‌ಮೆಸೇಜ್‌ನಲ್ಲೂ ಇದೇ ರೋಗ ಇತ್ತು, ಯುಡಿಪಿ (ಮೊದಲು ಕನೆಕ್ಷನ್ ಮಾಡದೆ ಪ್ಯಾಕೆಟ್ ಕಳಿಸುವ ಕ್ರಮ) ಮೇಲೆ ನಡೆಯುವ ಎನ್‌ಎಫ್‌ಎಸ್ ಮೌಂಟ್‌ಗಳು ಅದರಿಂದ ಕೆಡುತ್ತಿದ್ದವು. ಅದನ್ನೂ ಸರಿಪಡಿಸಿದರು.

ಇದಕ್ಕೆ ಅಡ್ಡ ಮಾತು ಹೇಳುವ ಗೆಳೆಯರಿದ್ದಾರೆ, ಅವರ ಮೇಲೆ ನನಗೆ ಗೌರವವೂ ಇದೆ. ಕರ್ನೆಲ್ ಎಂದರೆ ವೇಗ, ಎಲ್ಲೆಂದರಲ್ಲಿ ನಕಲು ಮಾಡುತ್ತಾ ಕೂತರೆ ಹೇಗೆ ಎನ್ನುತ್ತಾರೆ. ಮಾತು ನಿಜ, ಆದರೆ ಎಲ್ಲಿಗೆ ನಿಜ ಎಂದು ನೋಡಬೇಕು. ಹಳೆಯ ಬಗೆಯ ಐಪಿವಿ4 ವಿಳಾಸದ ರಚನೆ 16 ಬೈಟ್, ಹೊಸ ಬಗೆಯ ಐಪಿವಿ6ನದ್ದು 28, ಎಲ್ಲ ಬಗೆಯನ್ನೂ ಹಿಡಿಸುವ ದೊಡ್ಡ ಡಬ್ಬ 128 ಬೈಟ್. ಕನೆಕ್ಷನ್‌ಗೆ ಒಂದು ಸಲ ನಡೆಯುವ ಈ ನಕಲಿಗೆ ತಗಲುವ ಹೊತ್ತು, ಆ ಮೊದಲ ಸಿನ್ ಹೋಗಿ ಉತ್ತರ ಬರುವ ಹೊತ್ತಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಪ್ಯಾಕೆಟ್‌ಗಳ ದಾರಿ ಬೇರೆ. 10 ಗಿಗಾಬಿಟ್ ಲೈನಿನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ತುಂಬಿ ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷಕ್ಕೂ ಹೆಚ್ಚು. ಒಂದೊಂದಕ್ಕೆ ಸಿಗುವುದು ಸುಮಾರು 67 ನ್ಯಾನೋಸೆಕೆಂಡ್. ಅಲ್ಲಿ ಪ್ರತಿಯೊಂದನ್ನೂ ನಕಲು ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಅವಸರದಲ್ಲೂ ಕರ್ನೆಲ್ ಮಂದಿ ಎಷ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ ನೋಡಿ. ಕರ್ನೆಲ್‌ನಲ್ಲಿ ವಿಳಾಸ ನೋಡುವ ಐಪಿ ಪದರಕ್ಕೆ ಪ್ಯಾಕೆಟ್ ಬಂದ ಕೂಡಲೇ ಎಸ್‌ಕೆಬಿ ಶೇರ್ ಚೆಕ್ ಎಂಬ ಫಂಕ್ಷನ್ ಕೇಳುತ್ತದೆ: ಇದನ್ನು ಇನ್ನೂ ಯಾರಾದರೂ ಹಿಡಿದುಕೊಂಡಿದ್ದಾರಾ? ಎಣಿಕೆ ಒಂದೇ ಇದ್ದರೆ ಮುಂದೆ ಹೋಗು. ಬೇರೆ ಯಾರಾದರೂ ಹಿಡಿದಿದ್ದರೆ ನಿನಗೊಂದು ಕ್ಲೋನ್ (ಹೊರಕವಚದ ನಕಲು) ತಗೋ, ಅವರದ್ದನ್ನು ಬಿಡು. ಕ್ಲೋನ್‌ನಲ್ಲಿಯೂ ಒಳಗಿನ ಡೇಟಾ ಹಂಚಿಕೊಂಡದ್ದೇ ಆಗಿರುತ್ತದೆ, ಅದನ್ನು ತಿದ್ದಬೇಕೆಂದರೆ ಇನ್ನೊಂದು ತಪಾಸಣೆ. 67 ನ್ಯಾನೋಸೆಕೆಂಡಿನಲ್ಲಿ ಇಷ್ಟು ಕೇಳಿಕೊಂಡು ನಡೆಯಲು ಆಗುತ್ತದೆ ಎಂದಾದರೆ, ಕನೆಕ್ಟ್‌ನಲ್ಲಿ ಕೇಳದೆ ತಿದ್ದುವುದಕ್ಕೆ ಯಾವ ವೇಗದ ನೆಪವೂ ಇಲ್ಲ.

ಇನ್ನೊಂದು ವಾದ: ಒಳಗಿನ ಫಂಕ್ಷನ್‌ನಲ್ಲಿ ಕಾನ್ಸ್ಟ್ (ಇದನ್ನು ಬದಲಿಸುವುದಿಲ್ಲ ಎಂಬ ಗುರುತು) ಎಂದು ಬರೆದಿಲ್ಲ, ಹಾಗಾಗಿ ತಿದ್ದಲು ಅಡ್ಡಿಯಿಲ್ಲ. ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಅಡ್ಡಿಯಿಲ್ಲ, ಒಪ್ಪುತ್ತೇನೆ. ಆದರೆ ಹೊರಗಿನ ಜಗತ್ತಿಗೆ ತೋರಿಸುವ ಕನೆಕ್ಟ್‌ನ ಸಹಿಯಲ್ಲಿ (ಏನೇನು ಕೊಡಬೇಕು ಎಂದು ಹೇಳುವ ಮೊದಲ ಸಾಲಿನಲ್ಲಿ) ವಿಳಾಸದ ಮುಂದೆ ಕಾನ್ಸ್ಟ್ ಇದೆ. ಜಗಲಿಯಲ್ಲಿ ಕೊಟ್ಟ ಮಾತು ಒಳಮನೆಗೂ ಅನ್ವಯಿಸಬೇಡವೇ?

ಸೆಲೆಕ್ಟ್ ವಿಷಯ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಹಲವು ಕನೆಕ್ಷನ್‌ಗಳಲ್ಲಿ ಯಾವುದಕ್ಕೆ ಏನಾದರೂ ಬಂತೇ ಎಂದು ಕಾಯುವ ಕರೆ ಅದು, 1983ರ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬಂದದ್ದು. ಎಷ್ಟು ಹೊತ್ತು ಕಾಯಬೇಕು ಎಂದು ನಾವು ಒಂದು ಸಮಯ ಕೊಡುತ್ತೇವೆ. ಬೇರೆ ಹೆಚ್ಚಿನ ಯುನಿಕ್ಸ್‌ಗಳು ಅದನ್ನು ಮುಟ್ಟುವುದಿಲ್ಲ. ಲಿನಕ್ಸ್ ಮಾತ್ರ ಉಳಿದ ಸಮಯವನ್ನು ಅದೇ ಜಾಗದಲ್ಲಿ ಬರೆದುಬಿಡುತ್ತದೆ. ಯುನಿಕ್ಸ್‌ಗಳ ಸಾಮಾನ್ಯ ಮಾನದಂಡವಾದ ಪೋಸಿಕ್ಸ್ ಎರಡನ್ನೂ ಒಪ್ಪಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೇರೆ ಯುನಿಕ್ಸ್‌ನಿಂದ ತಂದ ಒಂದು ಕೋಡ್ ನನ್ನ ಪಾಲಿಗೆ ಬಂದಿತ್ತು. ಐದು ಸೆಕೆಂಡ್ ಎಂದು ಲೂಪಿನ ಹೊರಗೆ ಒಂದೇ ಸಲ ಬರೆದಿದ್ದರು. ಲಿನಕ್ಸ್ ಮೇಲೆ ಮೊದಲ ಸುತ್ತು ಐದು ಸೆಕೆಂಡ್ ಕಾಯಿತು, ಎರಡನೆಯ ಸುತ್ತಿಗೆ ಉಳಿದದ್ದು ಸೊನ್ನೆ, ಅಲ್ಲಿಂದ ಮುಂದೆ ಕಾಯುವುದೇ ಇಲ್ಲ. ಸಿಪಿಯು ನೂರಕ್ಕೆ ನೂರು. ಫ್ಯಾನಿನ ಸದ್ದು ಕೇಳಿ ಪಕ್ಕದವರು ಎದ್ದು ಬಂದು ನೋಡಿದ್ದರು. ಮೂರು ದಿನ ಹುಡುಕಿ, ಲೂಪಿನ ಒಳಗೆ ಎರಡು ಸಾಲು ಸರಿಸಿದಾಗ ನಿಂತಿತು.

ಆದರೆ ಸೆಲೆಕ್ಟ್‌ನ ತಮ್ಮನಾದ ಪಿಸೆಲೆಕ್ಟ್‌ನಲ್ಲಿ ಆ ಸಮಯಕ್ಕೆ ಕಾನ್ಸ್ಟ್ ಇದೆ. ಲಿನಕ್ಸ್‌ನ ಸಿಸ್ಟಮ್ ಕಾಲ್ (ಕರ್ನೆಲ್‌ಗೆ ಹೋಗುವ ಕರೆ) ಅಲ್ಲಿಯೂ ತಿದ್ದಿಯೇ ತಿದ್ದುತ್ತದೆ. ನಮ್ಮ ಪ್ರೋಗ್ರಾಮ್ ಮತ್ತು ಕರ್ನೆಲ್ ನಡುವೆ ನಿಂತ ಲೈಬ್ರರಿ ಜಿಲಿಬ್‌ಸಿ ಏನು ಮಾಡುತ್ತದೆ ಗೊತ್ತೇ? ಒಂದು ಲೋಕಲ್ ವೇರಿಯಬಲ್‌ನಲ್ಲಿ ನಕಲು ಮಾಡಿ, ಆ ನಕಲನ್ನು ಕರ್ನೆಲ್‌ಗೆ ಕೊಟ್ಟು, ನಮ್ಮ ಪ್ರತಿಯನ್ನು ಕಾಪಾಡುತ್ತದೆ. ಕರ್ನೆಲ್ ಕನೆಕ್ಟ್‌ಗೆ 2023ರಲ್ಲಿ ಬಂದ ಮದ್ದು ಅಕ್ಷರಶಃ ಇದೇ.

ಹೇಳಿ ತಿದ್ದುವುದರ ಬಗ್ಗೆ ನನ್ನ ತಕರಾರಿಲ್ಲ ಎಂಬುದನ್ನೂ ಸೇರಿಸಬೇಕು. ಬಂದ ಕನೆಕ್ಷನ್ ಸ್ವೀಕರಿಸುವ ಆಕ್ಸೆಪ್ಟ್‌ಗೆ ವಿಳಾಸ ಹಿಡಿಸುವ ಡಬ್ಬದ ಅಳತೆ ಕೊಡುತ್ತೇವೆ, ಅದು ನಿಜವಾದ ವಿಳಾಸದ ಅಳತೆಯನ್ನು ಅಲ್ಲೇ ಬರೆದು ಕೊಡುತ್ತದೆ. ಇದು ಮ್ಯಾನ್ ಪೇಜಿನಲ್ಲಿ (ಕೈಪಿಡಿಯಲ್ಲಿ) ಇದೆ, ಸಹಿಯಲ್ಲೂ ಕಾಣುತ್ತದೆ. ಸೆಲೆಕ್ಟ್‌ನದ್ದೇ ಕೆಲಸ ಮಾಡುವ ಪೋಲ್ ಇನ್ನೂ ಚೆಂದ: ನಾವು ಕೇಳಿದ್ದು ಒಂದು ಕಂಬದಲ್ಲಿ, ಅದು ಹೇಳಿದ್ದು ಪಕ್ಕದ ಕಂಬದಲ್ಲಿ. ಕೇಳಿದ್ದರ ಮೇಲೇ ಉತ್ತರ ಬರೆಯುವ ಸೆಲೆಕ್ಟ್‌ನ ಮೂರು ಸೆಟ್‌ಗಳನ್ನು ಪ್ರತಿ ಸುತ್ತಿಗೂ ಮತ್ತೆ ತುಂಬಿಸಿದ ನನ್ನಂಥವರಿಗೆ ಪೋಲ್ ಬರೆದವರ ಮೇಲೆ ನಿಜವಾದ ಪ್ರೀತಿ ಇದೆ.

ಈಗ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದರೆ, 6.6ಕ್ಕಿಂತ ಹಳೆಯ ಕರ್ನೆಲ್ ಇಟ್ಟುಕೊಂಡಿರುವವರು ನಮ್ಮ ಬಳಗದಲ್ಲೇ ಎಷ್ಟೋ ಮಂದಿ ಇದ್ದೀರಿ. ಠಾಣೆ, ಐರೋಲಿ, ಮಹಾಪೆ ಕಡೆ ಕೆಲಸ ಮಾಡುವವರು, ಪುಣೆಯವರು. ನಿಮ್ಮ ಕರ್ನೆಲ್‌ಗೆ ಆ ತಿದ್ದುಪಡಿ ಬಂದಿದೆಯೇ ನೋಡಿಕೊಳ್ಳಿ. ನಿಮ್ಮದೇ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಸುವ ತುಣುಕು) ಬರೆದಿದ್ದರೆ ಇನ್ನೂ ಒಂದು ನೋಡಿ: ಕರ್ನೆಲ್ ಕನೆಕ್ಟನ್ನು ಬಿಟ್ಟು, ಸಾಕೆಟ್ಟಿನ (ಕನೆಕ್ಷನ್‌ನ ತುದಿಯ) ಆಪ್ಸ್ ಎಂಬ ಫಂಕ್ಷನ್ ಪಟ್ಟಿಯಿಂದ ಕನೆಕ್ಟನ್ನು ನೇರವಾಗಿ ಕರೆದಿದ್ದೀರಾ? ಹಾಗೆ ಕರೆದರೆ ಬಾಗಿಲಲ್ಲಿ ಇಟ್ಟ ನಕಲು ನಿಮಗೆ ಸಿಗುವುದಿಲ್ಲ. ಕರ್ನೆಲ್ ಒಳಗೇ ಅಂಥ ನೇರ ಕರೆಗಳಿದ್ದವು, ಅವನ್ನು ಆಮೇಲೆ ಒಂದೊಂದಾಗಿ ಬದಲಾಯಿಸಿದರು.

ಕಳೆದ ವಾರ ನಮ್ಮ ಮಾಡ್ಯೂಲ್‌ನಲ್ಲಿ ಹುಡುಕಿದೆವು. ಎರಡು ಸಿಕ್ಕವು. ಒಂದನ್ನು ನಾನು ತಿದ್ದಿದೆ, ಇನ್ನೊಂದನ್ನು ವಿಜಯಪುರದ ಹುಡುಗ.